ತೂಕ ಬರೆದದ್ದು ನಿಜ, ಫೈಲಿನಿಂದ ಮಾಯವಾದದ್ದೂ ನಿಜ

ಬದಿಯಡ್ಕದವ:
ನಮ್ಮೂರಿನ ಒಂದು ಅಡಿಕೆ ಅಂಗಡಿಗೆ ತೂಕದ ಲೆಕ್ಕದ ಪ್ರೋಗ್ರಾಂ ಬರೆದಿದ್ದೇನೆ, ಲಿನಕ್ಸ್‌ನಲ್ಲಿ. ತೂಕ ಬರೆಯುವ ಭಾಗಕ್ಕೆ ಓ_ಡೈರೆಕ್ಟ್, ಅಂದರೆ ಪೇಜ್ ಕ್ಯಾಶ್ (ಫೈಲಿನ ಪುಟಗಳನ್ನು ಮೆಮೊರಿಯಲ್ಲಿ ಇಡುವ ಜಾಗ) ಬಿಟ್ಟು ನೇರ ಡಿಸ್ಕ್‌ಗೆ ಬರೆಯುವುದು. ವರದಿಯ ಭಾಗ ಅದೇ ಫೈಲನ್ನು ಎಂಮ್ಯಾಪ್ ಮಾಡುತ್ತದೆ, ಅಂದರೆ ಆ ಕ್ಯಾಶ್‌ನ ಪುಟಗಳನ್ನೇ ತನ್ನ ಮೆಮೊರಿಯ ಹಾಗೆ ಬಳಸುತ್ತದೆ. ನಿನ್ನೆ ಚಾಲಿಯ (ಒಣ ಅಡಿಕೆ) 12 ಚೀಲದ ತೂಕ ಬರೆದಾಗ ಎರರ್ ಬರಲಿಲ್ಲ. ಸಂಜೆ ನೋಡಿದರೆ ಇಲ್ಲ! ಅಂಗಡಿಯವರು ನನ್ನನ್ನೇ ಕಳ್ಳನ ಹಾಗೆ ನೋಡಿದರು. ಎರಡೂ ಭಾಗ ಒಟ್ಟಿಗೆ ಫೈಲ್ ಮುಟ್ಟದ ಹಾಗೆ ಲಾಕ್ ಎಲ್ಲಿ ಹಾಕಲಿ?

ಕುಂಬಳೆ ಅಕ್ಕ:
ಎಂಮ್ಯಾಪ್ ಮೂಲಕ ಏನಾದರೂ ಬರೆಯುತ್ತೀರಾ? ಡಿಮೆಸೆಜ್ (ಕರ್ನಲ್, ಅಂದರೆ ಲಿನಕ್ಸ್‌ನ ತಿರುಳು, ಬರೆಯುವ ಸಂದೇಶಗಳು) ನೋಡಿದಿರಾ?

ಬದಿಯಡ್ಕದವ:
ಹೌದು ಅಕ್ಕಾ, ‘ಓದಿ ಆಯ್ತು’ ಅಂತ 1 ಬೈಟ್ ಗುರುತು. ಡಿಮೆಸೆಜ್‌ನಲ್ಲಿ ಪೇಜ್ ಕ್ಯಾಶ್ ಇನ್‌ವ್ಯಾಲಿಡೇಶನ್ (ಹಳೇ ಪುಟ ಕಿತ್ತುಹಾಕುವುದು) ಆಗಲಿಲ್ಲ ಅಂತ ಎಚ್ಚರಿಕೆ ಇದೆ.

ಕುಂಬಳೆ ಅಕ್ಕ:
ಸಿಕ್ಕಿತು ನೋಡಿ. ಡೈರೆಕ್ಟ್ ಬರಹಕ್ಕೆ ಮೊದಲು ಕರ್ನಲ್ ಆ ಜಾಗದ ಬಾಕಿ ಪುಟಗಳನ್ನು ಡಿಸ್ಕ್‌ಗೆ ಇಳಿಸಿ ಕ್ಯಾಶ್‌ನಿಂದ ಕೀಳುತ್ತದೆ. ಬರೆದ ಮೇಲೆ ಇನ್ನೊಮ್ಮೆ ಕೀಳುತ್ತದೆ. ಆ ನಡುವೆ ನಿಮ್ಮ ವರದಿ ಹಳೇ ಪುಟವನ್ನು ಒಳಗೆ ತಂದು ಗುರುತು ಹಾಕಿತು. ಬರೆಯಲು ಬಾಕಿ ಇರುವ ಪುಟವನ್ನು ಕೀಳಲು ಆಗುವುದಿಲ್ಲ. ಆಮೇಲೆ ಆ 4096 ಬೈಟ್ ಪೂರ್ತಿ ಡಿಸ್ಕ್‌ಗೆ ಹೋಯಿತು, ನಿಮ್ಮ 12 ಚೀಲದ ಮೇಲೆಯೇ. ರೀಡ್, ರೈಟ್‌ಗಳನ್ನು ಇನೋಡ್ ಲಾಕ್ (ಕರ್ನಲ್ ಒಂದೊಂದು ಫೈಲಿಗೆ ಹಾಕುವ ಬೀಗ) ತಡೆದು ನಿಲ್ಲಿಸಬಹುದು. ಆದರೆ ಎಂಮ್ಯಾಪ್ ಪುಟವನ್ನು ಒಳಗೆ ತರುವುದು ಪೇಜ್ ಫಾಲ್ಟ್ ಮೂಲಕ, ಅದು ಆ ಲಾಕನ್ನು ಹಿಡಿಯುವುದೇ ಇಲ್ಲ.

ಮಂಜೇಶ್ವರ ಲಿನಕ್ಸ್:
ಫೈಲ್ ತೆರೆಯುವ ‘ಓಪನ್’ನ ಮ್ಯಾನ್ ಪೇಜಿನಲ್ಲೇ (ಲಿನಕ್ಸ್‌ನ ಕೈಪಿಡಿ) ಇದೆ, ಓ_ಡೈರೆಕ್ಟ್, ಎಂಮ್ಯಾಪ್ ಎರಡನ್ನೂ ಒಂದೇ ಫೈಲಿನಲ್ಲಿ ಬೆರೆಸಬೇಡಿ ಅಂತ. ಅಡಿಕೆ ಅಂಗಡಿಗೆ ಓ_ಡೈರೆಕ್ಟ್ ಯಾಕೆ ಮಾರಾಯ? ಸಾದಾ ರೈಟ್, ಮತ್ತೆ ಎಫ್‌ಡೇಟಾಸಿಂಕ್ (ಬರೆದದ್ದನ್ನು ಡಿಸ್ಕ್‌ಗೆ ಇಳಿಸುವ ಕರೆ), ಸಾಕು. ಗುರುತುಗಳಿಗೆ ಬೇರೆ ಫೈಲ್ ಮಾಡಿ.

ಬದಿಯಡ್ಕದವ:
ಓ_ಡೈರೆಕ್ಟ್ ತೆಗೆದೆ. ಚೀಲ ಪುನಃ ತೂಗಬೇಕಂತೆ, ನಾಳೆ ನಾನೇ ಹೊರಬೇಕು.