ಮುಳುಗಿಸಿದ್ದು ಕವರ್ರೋ, ಕ್ಲಬ್ಬೋ?

ಗುಂಪು: 86ರ ಹಾಸ್ಟೆಲ್ ಬಳಗ
ಭಾನುವಾರ

ನಾಗಭೂಷಣ: 🌸 ಶುಭೋದಯ 🌸

ರವಿ (ಫಾರ್ವರ್ಡ್): ಒಂದೊಂದು ಕಾಪಿ ಮಾರಿದಾಗಲೂ ಕಂಪನಿಗೆ ನಷ್ಟ!! ಆದರೂ ಜಗತ್ತಿನಲ್ಲೇ ಅತಿ ಹೆಚ್ಚು ಮಾರಾಟವಾದ 12 ಇಂಚಿನ ಸಿಂಗಲ್ (ಒಂದು ಮುಖ್ಯ ಹಾಡಿನ) ರೆಕಾರ್ಡ್!! 1983ರಲ್ಲಿ ಇಂಗ್ಲೆಂಡಿನ ನ್ಯೂ ಆರ್ಡರ್ ತಂಡದ ‘ಬ್ಲೂ ಮಂಡೇ’ ಹಾಡಿಗೆ ಫ್ಲಾಪಿ ಡಿಸ್ಕಿನ ಥರ ಕವರ್ ಮಾಡಿಸಿದರು. ಮಾರೋ ಬೆಲೆಗಿಂತ ಖರ್ಚೇ ಜಾಸ್ತಿ. ಅವರು ಲಾಭ ನೋಡಲಿಲ್ಲ, ಕನಸು ಕಂಡರು. ಇಂದು ಅವರು ಇತಿಹಾಸ. ನೀವು??

ರವಿ: ಖಜಾಂಚಿ ಮೇಡಂ ದಯವಿಟ್ಟು ಓದಬೇಕು. ಸ್ಮರಣ ಸಂಚಿಕೆಗೆ ಡೈ ಕಟಿಂಗ್ ಕವರ್ ಬೇಡ ಅಂತ ನಿನ್ನೆ ಫೋನಲ್ಲಿ ತಲೆ ತಿಂದುಬಿಟ್ಟಳು.

ಸುಧಾ: ಓದಿದೆ. ಪ್ರತಿ ಕಾಪಿಗೂ ನಷ್ಟ ಆಗೋ ಕವರ್ ಮಾಡ್ಸೋಣ ಅನ್ನೋದಕ್ಕೆ ಇದು ಸಾಕ್ಷಿನಾ? ಬಿಲ್ ನಿನ್ನ ಹೆಸರಿಗೆ ಹಾಕಿಸ್ತೀನಿ, ನೀನೂ ಇತಿಹಾಸ ಆಗು.

ಶಶಿ (ಅಡ್ಮಿನ್): 😂😂

ರವಿ: ನಲವತ್ತು ವರ್ಷಕ್ಕೊಮ್ಮೆ ಸೇರ್ತಾ ಇದ್ದೀವಿ ಕಣೇ. ಮದುವೆ ಆಮಂತ್ರಣದ ಥರ ಒಂದು ಬಾಳೆ ಎಲೆ, ಒಂದು ಗಣಪತಿ ಹಾಕಿ ಮುಗಿಸೋಣ್ವಾ? ಹಾಸ್ಟೆಲ್ ಕಿಟಕಿ ಆಕಾರದಲ್ಲಿ ಕತ್ತರಿಸಿದ್ರೆ ಒಳಗಿನ ಗ್ರೂಪ್ ಫೋಟೋ ಕಾಣ್ಸುತ್ತೆ. ಪ್ರೆಸ್ಸಿನವನು ಮಾಡಿಕೊಡ್ತೀನಿ ಅಂದಿದ್ದಾನೆ.

ಫರ್ಹಾನಾ: ರವಿ, ಫಾರ್ವರ್ಡ್ ಅರ್ಧ ಸರಿ. ಆ ಕವರ್ ಮಾಡಿದವನು ಪೀಟರ್ ಸ್ಯಾವಿಲ್. ತಂಡದವರನ್ನ ನೋಡೋಕೆ ಹೋದಾಗ ಅಲ್ಲಿ ಫ್ಲಾಪಿ ಡಿಸ್ಕ್ ಬಿದ್ದಿತ್ತಂತೆ, ಸದ್ದು ತುಂಬಿಟ್ಟು ಬಾರಿಸೋ ಎಮ್ಯುಲೇಟರ್ ಅನ್ನೋ ಸ್ಯಾಂಪ್ಲರ್‌ಗೆ ಹಾಕೋ ಐದೂಕಾಲು ಇಂಚಿನದ್ದು. ಅದನ್ನೇ ಎತ್ಕೊಂಡು ಹೋದ. ಕಪ್ಪು ಕವರಿಗೆ ಅದರ ಥರಾನೇ ಕಿಂಡಿಗಳನ್ನ ಕತ್ತರಿಸಿದ, ಒಳಗಿನ ಬೆಳ್ಳಿ ಬಣ್ಣದ ಲಕೋಟೆ ಅದರಿಂದ ಇಣುಕುತ್ತೆ. ತಂಡದ ಹೆಸರಿಲ್ಲ, ಹಾಡಿನ ಹೆಸರೂ ಇಲ್ಲ. ಬಲಗಡೆ ಅಂಚಲ್ಲಿ ಬಣ್ಣದ ಚೌಕಗಳು ಮಾತ್ರ. ಅದು ಸಂಕೇತ ಲಿಪಿ. ಬಿಡಿಸೋ ಚಕ್ರ ಇರೋದು ಬೇರೆ ಆಲ್ಬಮ್ಮಿನ ಹಿಂಬದಿಯಲ್ಲಿ!

ಸುಧಾ: ಹೆಸರು ಓದೋಕೆ ಇನ್ನೊಂದು ರೆಕಾರ್ಡ್ ಕೊಳ್ಳಬೇಕು. ಅಲ್ಲಿ ಮಾತ್ರ ವ್ಯಾಪಾರ ಬುದ್ಧಿ ಕೆಲಸ ಮಾಡಿದೆ.

ಶಶಿ (ಅಡ್ಮಿನ್): ಐದೂಕಾಲು ಇಂಚಿನ ಫ್ಲಾಪಿ! ಚಪ್ಪಲಿ ಬಿಚ್ಚಿಸಿ, ಕಾಲು ಒರೆಸಿಸಿ, ಆಮೇಲೆ ಲ್ಯಾಬ್ ಒಳಗೆ ಬಿಡ್ತಿದ್ರಲ್ಲ. ಎ.ಸಿ. ಇದ್ದ ಒಂದೇ ಕೋಣೆ.

ಫರ್ಹಾನಾ: ಅದೇ. ನಾವು ದೇವರ ಪಟದ ಥರ ಹಿಡ್ಕೊಂಡು ಓಡಾಡ್ತಿದ್ದ ವಸ್ತು. ಈಗ ನಷ್ಟದ ಮಾತಿಗೆ ಬಾ. ಕಾಪಿಗೆ 5 ಪೆನ್ಸ್ ಅಂತ ಒಬ್ಬರು, 10 ಅಂತ ಒಬ್ಬರು, ಇನ್ನೊಬ್ಬರದು ಅದಕ್ಕೂ ಜಾಸ್ತಿ. ಹೇಳೋ ಬಾಯಿ ಬದಲಾದ ಹಾಗೆ ನಷ್ಟ ಬೆಳೆಯುತ್ತೆ. ಅಷ್ಟು ಕಾಪಿ ಹೋಗುತ್ತೆ ಅಂತ ಯಾರೂ ಅಂದ್ಕೊಂಡಿರಲಿಲ್ಲ, ಅದು ನಿಜ. ಆದ್ರೆ ಆಮೇಲಿನ ಮುದ್ರಣಗಳಲ್ಲಿ ಕಿಂಡಿ ಕತ್ತರಿಸೋದನ್ನೇ ಬಿಟ್ಟರು. ಸಾದಾ ರಟ್ಟು, ಅದರ ಮೇಲೆ ಅದೇ ಚಿತ್ರ. ಅಂದ್ರೆ ನಷ್ಟ ಮೊದಲಿನ ಕಾಪಿಗಳ ಮೇಲೆ ಮಾತ್ರ. ಫಾರ್ವರ್ಡ್ ಬರೆದವನು ಇದನ್ನ ಹೇಳಲ್ಲ.

ಸುಧಾ: ಈ ಒಂದು ಮೆಸೇಜಿಗೆ ಸ್ಟಾರ್ ಹಾಕಿ ಇಟ್ಕೊಂಡಿದ್ದೀನಿ.

ಗುರುರಾಜ (ಧಾರವಾಡ): ಲೇ ರವ್ಯಾ, ನೀ ಕವರ್ ಕವರ್ ಅಂತ ಕುಂತಿ. ಆ ತಂಡದ ಜೀವಾ ಇದ್ದಿದ್ದು ಬೇಸ್ ಗಿಟಾರದಾಗ. ಪೀಟರ್ ಹುಕ್. ಮೊದಲಿಗೆ ಆಂವನ ಹತ್ರ ಎಂಥಾ ಸುಮಾರ್ ಆ್ಯಂಪ್ಲಿಫಯರ್ ಇತ್ತಂದ್ರ, ದಪ್ಪ ತಂತಿ ಮೀಟಿದ್ರ ಆಂವಗ ಆಂವನ ಸಪ್ಪಳನೇ ಕೇಳ್ತಿರಲಿಲ್ಲ. ಅದಕ್ಕ ಮ್ಯಾಲಿನ ಸ್ವರದಾಗ ಬಾರಿಸಾಕ ಹತ್ತಿದ. ಅದನ್ನ ಕೇಳಿ ಆಗಿನ ಹಾಡುಗಾರ ಇಯಾನ್ ಕರ್ಟಿಸ್ ಹಂಗ ಬಾರಿಸು, ಛಲೋ ಕೇಳಸ್ತದ ಅಂದ. ಬೇಸ್ ಹೋಗಿ ಹಾಡಿನ ರಾಗಾನೇ ಆತು. ರೊಕ್ಕ ಇರಲಾರದ್ದಕ್ಕ ಹುಟ್ಟಿದ ಶೈಲಿ ಅದು, ರೊಕ್ಕ ಚೆಲ್ಲಿದ್ದಕ್ಕಲ್ಲ.

ಶಶಿ (ಅಡ್ಮಿನ್): ಕಾಲೇಜ್ ಡೇ ದಿನ ನೀನೂ ಬೇಸ್ ಬಾರಿಸಿದ್ದೆ. ನಮಗೂ ಕೇಳಿಸಿರಲಿಲ್ಲ.

ಗುರುರಾಜ: ಮೈಕ್‌ನವನ ತಪ್ಪು ಅದು.

ಫರ್ಹಾನಾ: ಗುರು, ಬೇಸ್ ಬಗ್ಗೆ ಒಪ್ಪಿದೆ. ಆದ್ರೆ ‘ಬ್ಲೂ ಮಂಡೇ’ ನಿಂತಿರೋದು ಯಂತ್ರಗಳ ಮೇಲೆ. ಡಿಎಂಎಕ್ಸ್ ಡ್ರಮ್ ಮಷೀನು, ತಂಡದ ಬರ್ನಾರ್ಡ್ ಸಮ್ನರ್ ಕಿಟ್ ತರಿಸಿ ಮನೆಯಲ್ಲೇ ಜೋಡಿಸಿದ ಸೀಕ್ವೆನ್ಸರು, ಅಂದ್ರೆ ತುಂಬಿದ ಸ್ವರಗಳನ್ನ ಸಾಲಾಗಿ ಬಾರಿಸೋ ಯಂತ್ರ. ಅದಕ್ಕೆ ಒಂದೊಂದೇ ಸ್ವರ ತುಂಬಿದ್ದು ತಂಡದ ಜಿಲಿಯನ್ ಗಿಲ್ಬರ್ಟ್. ಸ್ಟುಡಿಯೋ ಉದ್ದಕ್ಕೂ ಕಾಗದ ಅಂಟಿಸಿಕೊಂಡು, ಅದರಲ್ಲಿ ಬರ್ಕೊಂಡು, ನೋಡ್ಕೊಂಡು ಒತ್ತಿದ್ದು. ಎಲ್ಲೋ ಒಂದು ಸ್ವರ ಬಿಟ್ಟುಹೋಯ್ತು. ಅದಕ್ಕೇ ಸಿಂಥ್ (ಎಲೆಕ್ಟ್ರಾನಿಕ್ ಕೀಬೋರ್ಡ್) ರಾಗ ತಾಳದ ಜೊತೆ ಸರಿಯಾಗಿ ಕೂರಲ್ಲ, ಒಂಚೂರು ಜರುಗಿಕೊಂಡೇ ಹೋಗುತ್ತೆ. ಇಯರ್‌ಫೋನ್ ಹಾಕಿ ಕೇಳು. ನಾನು ಮೂವತ್ತು ವರ್ಷ ಕೋಡ್ ಬರೆದೋಳು, ಇಷ್ಟು ಚೆಂದದ ಬಗ್ ನೋಡಿಲ್ಲ.

ಗುರುರಾಜ: ಏಳೂವರಿ ನಿಮಿಷದ ಹಾಡದ. ಅದರಾಗ ಹುಕ್ ಬರೋತನಕ ಅದು ಮಷೀನು. ಬಂದಮ್ಯಾಲೆ ಹಾಡು.

ಫರ್ಹಾನಾ: ಅದನ್ನ ಹಾಡು ಅಂತ ಮಾಡಿದ್ದೇ ಅಲ್ಲ ಮಹಾರಾಯ. ಇವರು ಒನ್ಸ್ ಮೋರ್ ಅಂದ್ರೂ ಮತ್ತೆ ವೇದಿಕೆಗೆ ಬರ್ತಿರಲಿಲ್ಲ, ಜನ ಬೈತಿದ್ರು. ಬಟನ್ ಒತ್ತಿ ಯಂತ್ರ ಬಾರಿಸ್ತಾ ಇರಲಿ, ನಾವು ಹೋಗೋಣ ಅಂತ ಶುರು ಮಾಡಿದ್ದು.

ನಾಗಭೂಷಣ: ಇಷ್ಟೊತ್ತು ಯಾರ ಬಗ್ಗೆ ಮಾತಾಡ್ತಾ ಇದ್ದೀರಿ?

ದಿನೇಶ (ಮ್ಯಾಂಚೆಸ್ಟರ್): ಭೂಷಣ, ನಾನು ಹೇಳ್ತೇನೆ. ಇಲ್ಲಿ ಈಗಷ್ಟೇ ಬೆಳಗಾಯ್ತು, ಚಾ ಕುಡೀತಾ ಇದ್ದೇನೆ. ಜಾಯ್ ಡಿವಿಷನ್ ಅಂತ ಈ ಊರಿನ ತಂಡ. ಹಾಡುತ್ತಿದ್ದ ಇಯಾನ್ ಕರ್ಟಿಸ್ 1980ರ ಮೇ 18ಕ್ಕೆ ಆತ್ಮಹತ್ಯೆ ಮಾಡಿಕೊಂಡ. ಮಾರನೇ ದಿನ ಅಮೆರಿಕಕ್ಕೆ ಹೊರಡಬೇಕಿತ್ತು. 23 ವರ್ಷ ಮಾರಾಯ. ಒಬ್ಬ ಹೋದರೂ ಆ ಹೆಸರು ಬಿಡಬೇಕು ಅಂತ ಅವರೊಳಗೆ ಮೊದಲೇ ಮಾತಾಗಿತ್ತು. ಉಳಿದ ಮೂವರು ಸಮ್ನರ್, ಹುಕ್, ಸ್ಟೀಫನ್ ಮಾರಿಸ್. ಹೆಸರು ನ್ಯೂ ಆರ್ಡರ್ ಅಂತ ಬದಲಾಯಿಸಿದ್ರು, ಆ ವರ್ಷವೇ ಗಿಲ್ಬರ್ಟ್ ಸೇರಿದಳು. ಸಮ್ನರ್ ಹಾಡ್ಲಿಕ್ಕೆ ಶುರು ಮಾಡಿದ್ದು ಬೇರೆ ಯಾರೂ ಇಲ್ಲ ಅಂತ. 1981ರ ಮೊದಲ ಆಲ್ಬಮ್ ‘ಮೂವ್‌ಮೆಂಟ್’ ಕೇಳಿದ್ರೆ ಸತ್ತವನ ಸ್ವರವನ್ನೇ ಹುಡುಕುತ್ತಾ ಇದ್ದಾರೆ ಅನ್ನಿಸ್ತದೆ. ಅಲ್ಲಿಂದ ಎರಡೇ ವರ್ಷಕ್ಕೆ ಕುಣಿಸುವ ‘ಬ್ಲೂ ಮಂಡೇ’. ನಡುವೆ ನ್ಯೂಯಾರ್ಕಿನ ಕ್ಲಬ್ಬುಗಳಿಗೆ ಹೋಗಿ ಬಂದಿದ್ರು. ಅಲ್ಲಿಂದಲೇ ಹುಚ್ಚು ಹಿಡಿದದ್ದು, ದಿವಾಳಿಗೆ ಬೀಜ ಬಿತ್ತಿದ್ದೂ ಅಲ್ಲೇ.

ಸುಧಾ: ದಿವಾಳಿ? ಹೇಳು ಹೇಳು.

ದಿನೇಶ: ರವಿಯ ಫಾರ್ವರ್ಡ್ ಬಿಟ್ಟದ್ದು ಅದನ್ನೇ. ಕವರಿನದ್ದು ಚಿಲ್ಲರೆ ಲೆಕ್ಕ. ಇವರ ರೆಕಾರ್ಡ್ ಕಂಪನಿ ಫ್ಯಾಕ್ಟರಿ ರೆಕಾರ್ಡ್ಸ್, ನಡೆಸುತ್ತಿದ್ದವನು ಟೋನಿ ವಿಲ್ಸನ್, ಟಿವಿಯಲ್ಲಿ ವಾರ್ತೆ ಓದುತ್ತಿದ್ದ ಜನ. ನ್ಯೂಯಾರ್ಕಿನಂಥ ಕ್ಲಬ್ ನಮ್ಮ ಊರಲ್ಲೂ ಬೇಕು ಅಂತ 1982ರ ಮೇ 21ಕ್ಕೆ ಹಸಿಯೆಂಡಾ ತೆರೆದ್ರು. ಹಳೆ ದೋಣಿ ಶೋರೂಮ್ ಅದು. ಕಂಬಗಳಿಗೆ ರಸ್ತೆ ಕಾಮಗಾರಿಯ ಹಳದಿ ಕಪ್ಪು ಪಟ್ಟೆ. ದುಡ್ಡು ಯಾರದ್ದು? ಫ್ಯಾಕ್ಟರಿಯದ್ದು ಮತ್ತು ನ್ಯೂ ಆರ್ಡರಿನದ್ದು. ಮೊದಲ ಕೆಲವು ವರ್ಷ ಒಳಗೆ ನಾಲ್ಕು ಜನ, ಚಳಿಗೆ ಕೋಟು ಹಾಕಿಕೊಂಡೇ ನಿಲ್ಲಬೇಕು. ‘ಬ್ಲೂ ಮಂಡೇ’ ಗಳಿಸಿದ್ದೆಲ್ಲ ಅಲ್ಲಿಗೆ ಹರಿಯಿತು.

ಶಶಿ (ಅಡ್ಮಿನ್): ಆಮೇಲೆ ಭರ್ಜರಿ ಓಡ್ತಲ್ಲ ಆ ಕ್ಲಬ್ಬು?

ದಿನೇಶ: ತಮಾಷೆ ಇರುವುದೇ ಅಲ್ಲಿ. 1988ರ ಹೊತ್ತಿಗೆ ಆಸಿಡ್ ಹೌಸ್ ಅಂತ ಕುಣಿತದ ಸಂಗೀತ ಬಂತು, ಬಾಗಿಲಲ್ಲಿ ಸಾಲು. ಆದರೆ ಜನ ಎಕ್ಸ್‌ಟಸಿ ಅಂತ ಮಾದಕ ಮಾತ್ರೆ ನುಂಗಿ ಬರುತ್ತಿದ್ರು. ಅದನ್ನು ನುಂಗಿದವನಿಗೆ ಬಿಯರ್ ಬೇಡ, ನೀರು ಸಾಕು. ಕ್ಲಬ್ಬಿನ ಸಂಪಾದನೆ ಇರುವುದೇ ಬಾರಿನಲ್ಲಿ. ಮಾತ್ರೆಯ ದುಡ್ಡು ಹೊರಗಿನ ಗ್ಯಾಂಗುಗಳಿಗೆ, ನೀರು ಮತ್ತು ಕರೆಂಟಿನ ಬಿಲ್ಲು ಇವರಿಗೆ. ಆಮೇಲೆ ಬಂದೂಕು, ಪೊಲೀಸು. 1997ರಲ್ಲಿ ಮುಚ್ಚಿತು. ಒಳಗೆ ಬಂದ ಒಬ್ಬೊಬ್ಬನ ಕೈಗೂ 10 ಪೌಂಡ್ ಕೊಟ್ಟು ವಾಪಸ್ ಕಳಿಸಿದ್ದಿದ್ರೆ ಲೆಕ್ಕ ಸಮ ಆಗ್ತಿತ್ತು ಅಂತ ಹುಕ್ ಹೇಳುವುದುಂಟು.

ಸುಧಾ: ಇಷ್ಟು ವರ್ಷ ಆಡಿಟರ್ ಎಲ್ಲಿದ್ದ?

ಗುರುರಾಜ: ಬರೇ ಕ್ಲಬ್ ಅನಬ್ಯಾಡ ದಿನೇಶಾ. ಫ್ಯಾಕ್ಟರಿಯವ್ರು 1990ರಾಗ ದೊಡ್ಡ ಆಫೀಸ್ ಮಾಡಿದ್ರು. ಆಮ್ಯಾಲ ತಮ್ಮ ಇನ್ನೊಂದು ತಂಡ ಹ್ಯಾಪಿ ಮಂಡೇಸ್‌ನ ರೆಕಾರ್ಡಿಂಗಿಗಂತ ಬಾರ್ಬಡೋಸ್‌ಗೆ ಕಳಿಸಿದ್ರು. ಅಲ್ಲಿ ಮಾದಕದ ಚಟಕ್ಕ ಖರ್ಚು ಕೈಮೀರಿತು. 1992ರ ನವೆಂಬರಿಗೆ ಕಂಪನಿ ಮಲಗಿತು.

ಸುಧಾ: ಸರಿ, ದಿವಾಳಿ ಆದ್ಮೇಲೆ ಹಾಡುಗಳು ಯಾರ ಪಾಲಾದವು? ಸಾಲಗಾರರಿಗೆ ಹೋಗ್ಬೇಕಲ್ಲ.

ಫರ್ಹಾನಾ: ಇದನ್ನೇ ಕೇಳ್ತೀಯ ಅಂತ ಗೊತ್ತಿತ್ತು. ಲಂಡನ್ ರೆಕಾರ್ಡ್ಸ್ ಅನ್ನೋ ಇನ್ನೊಂದು ರೆಕಾರ್ಡ್ ಕಂಪನಿಯವರು ಫ್ಯಾಕ್ಟರಿ ಕೊಳ್ಳೋಕೆ ಬಂದ್ರು. ಅವರಿಗೆ ಬೇಕಿದ್ದಿದ್ದು ನ್ಯೂ ಆರ್ಡರ್ ಹಾಡುಗಳು. ಒಪ್ಪಂದ ಕೊಡಿ ಅಂದ್ರು. ಇದ್ದಿದ್ದು ಒಂದು ಹಳೇ ಕಾಗದ. ಕಲಾವಿದರದ್ದೇ ಎಲ್ಲ, ಕಂಪನಿದು ಏನೂ ಇಲ್ಲ, ಯಾರು ಯಾವಾಗ ಬೇಕಾದ್ರೂ ಹೋಗಬಹುದು ಅನ್ನೋ ಅರ್ಥದ್ದು. ವಿಲ್ಸನ್ ರಕ್ತದಲ್ಲಿ ಸಹಿ ಮಾಡಿದ್ದ ಅಂತ ಕಥೆ ಬೇರೆ. ಕೊಳ್ಳೋಕೆ ಕಂಪನಿಯಲ್ಲಿ ಏನೂ ಇರಲಿಲ್ಲ. ಲಂಡನ್‌ನವರು ನೇರವಾಗಿ ತಂಡದ ಜೊತೆನೇ ಮಾತಾಡಿ ಸೇರಿಸಿಕೊಂಡ್ರು. 1993ರ ‘ರಿಪಬ್ಲಿಕ್’ ಆಲ್ಬಮ್ ಬಂದಿದ್ದು ಅವರ ಮೂಲಕ.

ಸುಧಾ: ಅಂದ್ರೆ ಆ ಒಂದು ಕಾಗದ ಕಂಪನಿಯನ್ನ ಮುಳುಗಿಸ್ತು, ತಂಡವನ್ನ ಉಳಿಸ್ತು. ಕವರ್‌ಗೂ ಇದಕ್ಕೂ ಏನ್ ಸಂಬಂಧ ರವಿ?

ರವಿ: ಸಂಬಂಧ ಇದೆ. ಅಷ್ಟೆಲ್ಲ ಹಾಳಾಗಿ ಹೋದ್ರೂ ಜನ ಇವತ್ತಿಗೂ ಫಾರ್ವರ್ಡ್ ಮಾಡ್ತಿರೋದು ಕವರ್‌ನ ತಾನೇ? ಕ್ಲಬ್ಬಿನ ಕರೆಂಟ್ ಬಿಲ್ಲನ್ನಲ್ಲ.

ಶಶಿ (ಅಡ್ಮಿನ್): ಪಾಯಿಂಟ್ ಇದೆ 👏

ಸುಧಾ: ಅವರಿಗೆ ಚಿನ್ನದ ಡಿಸ್ಕಾದ್ರೂ ಬಂತಾ?

ಫರ್ಹಾನಾ: ಆಗ ಬರಲಿಲ್ಲ. ಅದನ್ನ ಕೊಡೋದು ಅಲ್ಲಿನ ರೆಕಾರ್ಡ್ ಕಂಪನಿಗಳ ಸಂಘ. ಫ್ಯಾಕ್ಟರಿ ಆ ಸಂಘದ ಸದಸ್ಯತ್ವವನ್ನೇ ತಗೊಂಡಿರಲಿಲ್ಲ.

ಸುಧಾ: 🤦‍♀️

ಗುರುರಾಜ: ಇಷ್ಟೆಲ್ಲಾ ಕಳಕೊಂಡ ಮನಷ್ಯಾಗ ಕಡೀಕ ಏನ್ ಮಾಡಿದ್ರು ಅದನ್ನ ಹೇಳ್ರಿ. 2007ರಾಗ ಹುಕ್ ಬಿಟ್ಟ. ತಂಡ ಮುಗೀತು ಅಂತ ಆಂವ ಅಂದ್ಕೊಂಡಿದ್ದ. 2011ಕ್ಕ ಉಳದವ್ರು ಆಂವನ್ನ ಕೇಳಲಾರ್ದನ ಅದ ಹೆಸರಿನ್ಯಾಗ ಮತ್ತ ಶುರು ಮಾಡಿದ್ರು. ಹೊಸಾ ಕಂಪನಿ ಮಾಡಿ, ಆಂವಗ ಕೊಟ್ಟಿದ್ದು ಆದಾಯದಾಗ ಶೇ. 1.25 ಅಷ್ಟ ಅಂತ ಆಂವ ಕೋರ್ಟಿಗೆ ಹೋದ. ಮೂವತ್ತು ವರ್ಷ ಬಾರಿಸಿದವಗ ಒಂದೂಕಾಲು!

ಫರ್ಹಾನಾ: ಹೆಸರಿನ ಬಳಕೆ, ಟೀ ಶರ್ಟ್ ಇಂಥದ್ದರ ಹಣ ಅದು. ಬರೆದ ಹಾಡುಗಳ ರಾಯಲ್ಟಿ ಬೇರೆ, ಅದು ಬರ್ತಾನೇ ಇತ್ತು ಅಂತ ಉಳಿದವರ ವಾದ. ಬಿಟ್ಟುಹೋದವನು ತಾನೇ ಹೋಗಿದ್ದು. ಜೊತೆಗೆ ಜಾಯ್ ಡಿವಿಷನ್ ಆಲ್ಬಮ್‌ಗಳನ್ನ ಪೂರ್ತಿ ಬಾರಿಸ್ಕೊಂಡು ಊರೂರು ತಿರುಗ್ತಿದ್ದ, ಅದಕ್ಕೆ ಇವರನ್ನ ಕೇಳಿದ್ನಾ?

ಗುರುರಾಜ: ಹೆಸರು ಮಾಡಿದಾಂವ ಕೇಳಬೇಕೇನ?

ಫರ್ಹಾನಾ: ಗಿಲ್ಬರ್ಟ್ ಮಗಳ ಆರೈಕೆಗೆ ಅಂತ 2001ರಲ್ಲಿ ಬಿಟ್ಟಳು. ಹತ್ತು ವರ್ಷ. ಅವಳ ಸ್ವರಗಳನ್ನ ಬೇರೆಯವರು ಬಾರಿಸಿದ್ರು. ಅವಳು ಹೆಸರಿಗಾಗಿ ಕೋರ್ಟಿಗೆ ಹೋಗ್ಲಿಲ್ಲ. ವಾಪಸ್ ಬಂದು ಕೀಬೋರ್ಡ್ ಮುಂದೆ ನಿಂತಳು. 2015ರ ‘ಮ್ಯೂಸಿಕ್ ಕಂಪ್ಲೀಟ್’ ಆಲ್ಬಮ್ ಕೇಳಿ ನೋಡು, ಹುಕ್ ಇಲ್ಲದೇನೂ ತಂಡ ಕುಣಿಸುತ್ತೆ.

ಗುರುರಾಜ: ಕುಣಿಸ್ತದ. ಅಳಿಸೂದಿಲ್ಲ.

ದಿನೇಶ: 2017ರ ಸೆಪ್ಟೆಂಬರಿಗೆ ರಾಜಿ ಆಯ್ತಪ್ಪಾ, ನೀವಿಬ್ಬರೂ ಮಾಡಿಕೊಳ್ಳಿ.

ರವಿ: ನಡುವೆ ಒಂದು. ಇಡೀ ಬದುಕಲ್ಲಿ ಬ್ರಿಟನ್ನಿನ ಸಿಂಗಲ್‌ಗಳ ಪಟ್ಟಿಯಲ್ಲಿ ಇವರಿಗೆ ಒಂದನೇ ಸ್ಥಾನ ಬಂದಿದ್ದು ಒಂದೇ ಸಲ. ಯಾವುದಕ್ಕೆ ಗೊತ್ತಾ? 1990ರ ವಿಶ್ವಕಪ್ಪಿಗೆ ಇಂಗ್ಲೆಂಡ್ ಫುಟ್‌ಬಾಲ್ ತಂಡದ ಹಾಡಿಗೆ! ಅದರಲ್ಲಿ ಆಟಗಾರ ಜಾನ್ ಬಾರ್ನ್ಸ್ ರ‍್ಯಾಪ್ ಮಾಡಿದ್ದಾನೆ. ‘ಬ್ಲೂ ಮಂಡೇ’ 83ರಲ್ಲಿ 9ಕ್ಕೆ ನಿಂತಿತ್ತು, 88ರ ರೀಮಿಕ್ಸ್ 3ಕ್ಕೆ.

ಶಶಿ (ಅಡ್ಮಿನ್): ಆ ಮ್ಯಾಚ್ ನೆನಪಿದೆ! ಸೆಮಿಫೈನಲ್ಲು, ಪಶ್ಚಿಮ ಜರ್ಮನಿ ಮೇಲೆ ಪೆನಾಲ್ಟಿಯಲ್ಲಿ ಸೋತರು.

ಸುಧಾ: ಸರಿ, ಈಗ ಕೇಳಿ. ಮೊದಲ 60 ಕಾಪಿ ಕಿಂಡಿ ಕತ್ತರಿಸಿದ್ದು, ಮೇಷ್ಟ್ರುಗಳಿಗೆ ಮತ್ತು ವೇದಿಕೆಯಲ್ಲಿ ಬಿಡುಗಡೆಗೆ. ಉಳಿದವಕ್ಕೆ ಅದೇ ಚಿತ್ರ, ಸಾದಾ ರಟ್ಟು. ಫರ್ಹಾನಾ ಹೇಳಿದ ಹಾಗೆ ಅವರೂ ಕಡೆಗೆ ಮಾಡಿದ್ದು ಇದನ್ನೇ. ರವಿ, ಮೂರು ಪ್ರೆಸ್ಸುಗಳ ಕೊಟೇಶನ್ ತಾ, ಜಿಎಸ್‌ಟಿ ಸೇರಿಸಿ. ಬಾಯಿಮಾತು ಬೇಡ, ರಕ್ತದ ಸಹಿನೂ ಬೇಡ.

ರವಿ: 60 ಸಾಲಲ್ಲ. 100.

ಸುಧಾ: 60.

ರವಿ: 75. ಮೇಲಿನದಕ್ಕೆ ನಾನೇ ಕೊಡ್ತೀನಿ.

ಸುಧಾ: ದುಡ್ಡು ಖಾತೆಗೆ ಬಂದ ದಿನ 75.

ಗುರುರಾಜ: ಸಂಚಿಕೆ ಬಿಡುಗಡೆಗೆ ಹಿನ್ನೆಲೆ ಸಂಗೀತ ಬೇಕಾದ್ರ ನನ್ನ ಗಿಟಾರ ಅಟ್ಟದ ಮ್ಯಾಲ ಅದ.

ಫರ್ಹಾನಾ: ಇಲ್ಲ ಗುರು. ಬಟನ್ ಒತ್ತಿ ಹೋಗೋಣ.

ನಾಗಭೂಷಣ: ಊಟಕ್ಕೆ ಹೋಳಿಗೆನಾ, ಜಿಲೇಬಿನಾ? ಅದನ್ನ ಯಾರೂ ಮಾತಾಡ್ತಿಲ್ಲ.