ತಮ್ಮನ ಆಸ್ಟ್ರೇಲಿಯಾ ಕೆಲಸಕ್ಕೆ 6 ಲಕ್ಷ ‘ಸ್ಪಾನ್ಸರ್ ಫೀ’ ಕೇಳುತ್ತಿದ್ದಾರೆ, ಕೊಡಬಹುದಾ?

ಆಲೂರು ಅಕ್ಕ:

ನಮಸ್ಕಾರ. ನಮ್ಮದು ಹಾಸನ ಜಿಲ್ಲೆ ಆಲೂರು ತಾಲೂಕು. ತಮ್ಮನಿಗೆ 27 ವರ್ಷ. ಐಟಿಐನಲ್ಲಿ ಡೀಸೆಲ್ ಮೆಕ್ಯಾನಿಕ್ ಮುಗಿಸಿ ಹಾಸನದ ಬಿ.ಎಂ. ರಸ್ತೆಯ ಒಂದು ಟ್ರ್ಯಾಕ್ಟರ್ ವರ್ಕ್‌ಶಾಪ್‌ನಲ್ಲಿ ಆರು ವರ್ಷದಿಂದ ಇದ್ದಾನೆ. ಗಾಡಿ ಸ್ಟಾರ್ಟ್ ಮಾಡಿದ ಸದ್ದು ಕೇಳಿಯೇ ಎಲ್ಲಿ ತೊಂದರೆ ಅಂತ ಹೇಳುತ್ತಾನೆ.

ಬೆಂಗಳೂರಿನ ಏಜೆಂಟ್ ಒಬ್ಬರು ಆಸ್ಟ್ರೇಲಿಯಾದ ಡಬ್ಬೋ ಅನ್ನುವ ಊರಿನ ಗ್ಯಾರೇಜಿನಿಂದ ಆಫರ್ ಲೆಟರ್ ತರಿಸಿದ್ದಾರೆ. 494 ಅನ್ನುವ ವೀಸಾ ಅಂತೆ. ವರ್ಷಕ್ಕೆ 58,000 ಡಾಲರ್ ಸಂಬಳ. ಅಲ್ಲಿನ ಮಾಲೀಕರು ಸರ್ಕಾರಕ್ಕೆ ಏನೋ ಲೆವಿ ಕಟ್ಟಬೇಕಂತೆ, ಅದನ್ನು ನಾವು ಕೊಡಬೇಕಂತೆ. ಜೊತೆಗೆ ಮಾಲೀಕರು ವೀಸಾ ಕೊಡಿಸಿ ಕರೆಸಿಕೊಳ್ಳುವುದಕ್ಕೆ ಅಂತ ಸ್ಪಾನ್ಸರ್ ಫೀ. ಒಟ್ಟು 6 ಲಕ್ಷ. ಮೊದಲ 2 ಲಕ್ಷ ಶುಕ್ರವಾರದೊಳಗೆ ನಗದಾಗಿ ಕೊಡಬೇಕು, ಇಲ್ಲದಿದ್ದರೆ ಜಾಗ ಬೇರೆಯವರಿಗೆ ಹೋಗುತ್ತದೆ ಅಂತ ದಿನಾ ಫೋನ್.

ಹೋದ ವರ್ಷ ಶುಂಠಿಗೆ ಕೊಳೆರೋಗ ಬಂದು ಹಾಕಿದ ದುಡ್ಡೂ ಬರಲಿಲ್ಲ. ಈಗ ಅಮ್ಮ ತನ್ನ ಎರಡೆಳೆ ಸರ ಬಿಚ್ಚಿ, ಕರ್ಚೀಫಿನಲ್ಲಿ ಗಂಟು ಕಟ್ಟಿ, ಅಡ ಇಡುವುದಕ್ಕೆ ಅಂತ ದೇವರ ಗೂಡಿನಲ್ಲಿ ಇಟ್ಟಿದ್ದಾಳೆ. ಅದನ್ನು ನೋಡಿದರೆ ನನಗೆ ಊಟ ಸೇರುತ್ತಿಲ್ಲ. ತಮ್ಮನ ಆಸೆಗೆ ಅಡ್ಡ ಬಂದೆ ಅನ್ನಿಸಿಕೊಳ್ಳುವುದಕ್ಕೂ ಇಷ್ಟ ಇಲ್ಲ. ಗೊತ್ತಿದ್ದವರು ದಯವಿಟ್ಟು ಹೇಳಿ.

ಮೂಡಿಗೆರೆಯವನು, ಈಗ ಮಿಲ್ಡುರಾ:

ಅಕ್ಕ, ಶುಕ್ರವಾರ ಒಂದು ರೂಪಾಯಿಯೂ ಕೊಡಬೇಡಿ. ಸರ ಅಮ್ಮನ ಕೊರಳಿಗೆ ವಾಪಸ್ ಹೋಗಲಿ.

ನಾನೂ ಇದೇ 494ರಲ್ಲಿ ಬಂದವನು. ಊರಲ್ಲಿ ಎಸ್ಟೇಟ್ ಗಾಡಿ, ಪಂಪ್‌ಸೆಟ್ ರಿಪೇರಿ ಮಾಡುತ್ತಿದ್ದೆ. ಈಗ ವಿಕ್ಟೋರಿಯಾದ ಮಿಲ್ಡುರಾದಲ್ಲಿ ದ್ರಾಕ್ಷಿ, ಬಾದಾಮಿ ತೋಟಗಳ ಯಂತ್ರ ನೋಡಿಕೊಳ್ಳುವ ವರ್ಕ್‌ಶಾಪ್‌ನಲ್ಲಿದ್ದೇನೆ, ಮೂರನೇ ವರ್ಷ ನಡೆಯುತ್ತಿದೆ. ವೀಸಾ ನಿಜ. 2019ರ ನವೆಂಬರ್‌ನಲ್ಲಿ ಶುರುವಾಯಿತು. ಸಿಡ್ನಿ, ಮೆಲ್ಬರ್ನ್, ಬ್ರಿಸ್ಬೇನ್ ಬಿಟ್ಟು ಉಳಿದ ಊರುಗಳಿಗೆ ಇರುವ ವೀಸಾ ಇದು. 5 ವರ್ಷಕ್ಕೆ ಕೊಡುತ್ತಾರೆ. 3 ವರ್ಷ ಆದಮೇಲೆ 191ಕ್ಕೆ, ಅಂದರೆ ಕಾಯಂ ಇರುವುದಕ್ಕೆ, ಅರ್ಜಿ ಹಾಕಬಹುದು. ಡಬ್ಬೋ ಕೂಡ ಇದರಲ್ಲಿ ಬರುತ್ತದೆ. ತಮ್ಮನ ಆಸೆಯಲ್ಲಿ ತಪ್ಪೇನೂ ಇಲ್ಲ.

ದುಡ್ಡಿನ ಮಾತು ಮಾತ್ರ ಸುಳ್ಳು. ಲೆವಿ ಅನ್ನುವುದು ಇದೆ. ಗ್ಯಾರೇಜಿನ ವರ್ಷದ ವಹಿವಾಟು 1 ಕೋಟಿ ಡಾಲರ್‌ಗಿಂತ ಕಡಿಮೆ ಇದ್ದರೆ 3,000 ಡಾಲರ್, ಜಾಸ್ತಿ ಇದ್ದರೆ 5,000, ಒಂದೇ ಸಲ. ಅದನ್ನು ಮಾಲೀಕರೇ ತಮ್ಮ ಜೇಬಿನಿಂದ ಕಟ್ಟಬೇಕು. ಕೆಲಸಗಾರನಿಂದ ವಸೂಲಿ ಮಾಡುವ ಹಾಗಿಲ್ಲ. ಸ್ಪಾನ್ಸರ್ ಮಾಡುವುದಕ್ಕೆ ದುಡ್ಡು ಕೇಳುವುದು 2015ರ ಡಿಸೆಂಬರ್‌ನಿಂದ ಇಲ್ಲಿ ಕಾನೂನಿಗೆ ವಿರುದ್ಧ. ಕೊಟ್ಟವನ ವೀಸಾ ಕೂಡ ರದ್ದಾಗಬಹುದು.

ಆ 58,000 ಕೂಡ ನೋಡಿ. 2025ರ ಜುಲೈ 1ರಿಂದಲೇ ಈ ವೀಸಾಕ್ಕೆ ತೋರಿಸಬೇಕಾದ ಸಂಬಳ ಕನಿಷ್ಠ 76,515 ಡಾಲರ್ ಆಗಿತ್ತು. ಇಲ್ಲಿಯವರಿಗೆ ಅದೇ ಕೆಲಸಕ್ಕೆ ಇನ್ನೂ ಜಾಸ್ತಿ ಇದ್ದರೆ ಅಷ್ಟೇ ಕೊಡಬೇಕು. ಇದು ತಿಳಿದ ಮಾಲೀಕ ಅಂಥ ಲೆಟರ್ ಬರೆಯುವುದಿಲ್ಲ.

ಗ್ಯಾರೇಜಿನ ಎಬಿಎನ್, ಅಂದರೆ ಇಲ್ಲಿನ ವ್ಯಾಪಾರ ನೋಂದಣಿ ನಂಬರ್ ಕೇಳಿ. 11 ಅಂಕಿ ಇರುತ್ತದೆ. ‘ಎಬಿಎನ್ ಲುಕಪ್’ ಅನ್ನುವ ಇಲ್ಲಿನ ಸರ್ಕಾರಿ ತಾಣದಲ್ಲಿ ಹಾಕಿದರೆ ಅಂಗಡಿ ಇದೆಯೋ ಇಲ್ಲವೋ ಗೊತ್ತಾಗುತ್ತದೆ, ಪುಕ್ಕಟೆ. ಆಮೇಲೆ ಗ್ಯಾರೇಜಿಗೇ ಫೋನ್ ಮಾಡಿ. ಲೆಟರ್‌ನಲ್ಲಿರುವ ನಂಬರಿಗೆ ಬೇಡ, ನೀವೇ ಹುಡುಕಿದ ನಂಬರಿಗೆ.

ನಾನು ಕಟ್ಟಿದ್ದು ಇಂಗ್ಲಿಷ್ ಪರೀಕ್ಷೆ, ಕೌಶಲದ ಪರೀಕ್ಷೆ, ಮೆಡಿಕಲ್, ಪೊಲೀಸ್ ಕ್ಲಿಯರೆನ್ಸ್, ವೀಸಾ ಫೀ. ಎಲ್ಲದಕ್ಕೂ ನನ್ನ ಹೆಸರಿನ ರಸೀದಿ ಇದೆ. ಐಇಎಲ್‌ಟಿಎಸ್ ಅನ್ನುವ ಇಂಗ್ಲಿಷ್ ಪರೀಕ್ಷೆಯಲ್ಲಿ ಕೇಳುವುದು, ಓದುವುದು, ಬರೆಯುವುದು, ಮಾತಾಡುವುದು ನಾಲ್ಕಕ್ಕೂ 6 ಬೇಕು. ನನಗೆ ಬರವಣಿಗೆಯಲ್ಲಿ 5.5 ಬಂದು ಎರಡನೇ ಸಲ ಕೂತೆ.

ಚಿಕ್ಕಮಗಳೂರು ಹುಡುಗ:

ನಮ್ಮ ಕಡೆಯವರು ಎಷ್ಟೋ ಜನ ಕೊಟ್ಟೇ ಹೋಗಿರೋದು. ಸುಮ್ನೆ ಕಾನೂನು ಅಂತ ಕೂತರೆ ಅವಕಾಶ ಕೈ ತಪ್ಪುತ್ತೆ ಅಲ್ವಾ? ಎರಡು ವರ್ಷದಲ್ಲಿ ದುಡಿದು ತೀರಿಸಬಹುದು.

ಮೂಡಿಗೆರೆಯವನು, ಈಗ ಮಿಲ್ಡುರಾ:

ತಮ್ಮಾ, ಹಾಗೆ ಕೊಟ್ಟು ಬಂದವನೊಬ್ಬ ನನ್ನ ಜೊತೆ ಒಂದೇ ಮನೆಯಲ್ಲಿದ್ದ. ವಾರಕ್ಕೆ 60 ಗಂಟೆ ದುಡಿಸಿಕೊಂಡು 38 ಗಂಟೆಯ ಸಂಬಳ ಕೊಡುತ್ತಿದ್ದರು. ಕೇಳಿದರೆ ‘ನೀನು ದುಡ್ಡು ಕೊಟ್ಟಿದ್ದು ಹೇಳಲಾ’ ಅನ್ನೋರು. ರಾತ್ರಿ ಹನ್ನೊಂದಕ್ಕೆ ಬಂದು ಗ್ರೀಸ್ ಕೈಯಲ್ಲೇ ಗೋಡೆಗೆ ಒರಗಿ ಕೂತುಬಿಡುತ್ತಿದ್ದ, ಅನ್ನ ಬಡಿಸಿದರೂ ಮುಟ್ಟುತ್ತಿರಲಿಲ್ಲ. ಊರಲ್ಲಿ ಸಾಲಕ್ಕೆ ಬಡ್ಡಿ ಬೆಳೆಯುತ್ತಿತ್ತು. ತಾನೇ ತಪ್ಪು ಮಾಡಿದ್ದೇನೆ ಅಂತ ಯಾರಿಗೂ ದೂರು ಕೊಡಲಿಲ್ಲ.

ದುಡ್ಡು ಕೊಡದೆ ಬಂದವನಿಗೆ ಆ ಹೆದರಿಕೆ ಇರುವುದಿಲ್ಲ. 2024ರ ಜುಲೈನಿಂದ ಕೆಲಸ ಬಿಟ್ಟರೆ ಬೇರೆ ಸ್ಪಾನ್ಸರ್ ಹುಡುಕುವುದಕ್ಕೆ ಒಂದು ಸಲಕ್ಕೆ 180 ದಿನ ಸಿಗುತ್ತದೆ. ಮೊದಲು 90 ಇತ್ತು. ತಲೆ ಎತ್ತಿಕೊಂಡು ಬೇರೆ ಕಡೆ ಹೋಗಬಹುದು.

ಹಾಸನ, ನರ್ಸ್ ಮಗಳ ತಂದೆ:

ನೋಡಮ್ಮ, ಏಜೆಂಟ್ ಹೆಸರನ್ನು ನಮ್ಮ ಕೇಂದ್ರ ಸರ್ಕಾರದ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ಹುಡುಕು. 1983ರ ಎಮಿಗ್ರೇಷನ್ ಕಾಯ್ದೆ ಪ್ರಕಾರ ನೋಂದಣಿ ಇರಬೇಕು. ನೋಂದಣಿ ಇದ್ದವರೂ ಸೇವಾ ಶುಲ್ಕ ಅಂತ 30,000 ರೂಪಾಯಿ ಮತ್ತು ಜಿಎಸ್‌ಟಿ ಮಾತ್ರ ತೆಗೆದುಕೊಳ್ಳಬಹುದು, ಅದಕ್ಕೂ ರಸೀದಿ ಕೊಡಬೇಕು. ನಗದು ಅಂದರೆ ಅಲ್ಲಿಗೇ ಮಾತು ಮುಗಿಸು.

ಆಲೂರು ಅಕ್ಕ:

ಎಲ್ಲರಿಗೂ ಕೈ ಮುಗಿದೆ. ನಿನ್ನೆ ತಮ್ಮನೇ ಏಜೆಂಟ್‌ಗೆ ಫೋನ್ ಮಾಡಿ ಎಬಿಎನ್ ಕೇಳಿದ. ‘ಅದೆಲ್ಲ ನಿಮಗೆ ಯಾಕೆ’ ಅಂದರಂತೆ. ಇನ್ನೊಂದು ಸಲ ಕೇಳಿದ್ದಕ್ಕೆ ಫೋನ್ ಇಟ್ಟರು. ಅವನು ಸ್ವಲ್ಪ ಹೊತ್ತು ಹಿತ್ತಲಲ್ಲಿ ಒಬ್ಬನೇ ನಿಂತಿದ್ದ. ಒಳಗೆ ಬಂದು ಐಇಎಲ್‌ಟಿಎಸ್‌ಗೆ ಎಷ್ಟು ದಿನ ಓದಬೇಕು ಅಂತ ಕೇಳಿದ.

ಒಂದು ಸಂಶಯ. ಅವನಿಗೆ ಮೊದಲ ನಾಲ್ಕು ವರ್ಷ ಸಂಬಳ ಕೈಗೇ ಕೊಟ್ಟಿದ್ದಾರೆ, ಎರಡು ವರ್ಷದಿಂದ ಮಾತ್ರ ಬ್ಯಾಂಕಿಗೆ ಬರುತ್ತಿದೆ. ಅನುಭವ ಹೇಗೆ ತೋರಿಸೋದು?

ಮೂಡಿಗೆರೆಯವನು, ಈಗ ಮಿಲ್ಡುರಾ:

ಈ ವೀಸಾಕ್ಕೆ ಮೂರು ವರ್ಷದ ಪೂರ್ತಿ ಕೆಲಸ ತೋರಿಸಬೇಕು. ಇನ್ನೊಂದು ವರ್ಷ ಬ್ಯಾಂಕಿಗೇ ಸಂಬಳ ಬರಲಿ, ಲೆಕ್ಕ ಗಟ್ಟಿಯಾಗುತ್ತದೆ. ಅಷ್ಟರಲ್ಲಿ ಮಾಲೀಕರ ಹತ್ತಿರ ಲೆಟರ್‌ಹೆಡ್ ಮೇಲೆ ಯಾವಾಗ ಸೇರಿದ, ವಾರಕ್ಕೆ ಎಷ್ಟು ಗಂಟೆ, ಏನೇನು ಕೆಲಸ ಅಂತ ಬರೆಸಿಕೊಳ್ಳಲಿ. ಬರೀ ‘ಮೆಕ್ಯಾನಿಕ್’ ಅಂದರೆ ಸಾಲದು. ಕ್ಲಚ್ ಪ್ಲೇಟ್, ಇಂಜೆಕ್ಟರ್, ಹೈಡ್ರಾಲಿಕ್ ಪಂಪ್, ಎಲ್ಲವನ್ನೂ ಬಿಡಿಸಿ ಬರೆಯಬೇಕು. ಕೆಲಸ ಮಾಡುವಾಗಿನ ಫೋಟೋ ಕೂಡ ಇವತ್ತಿಂದಲೇ ತೆಗೆದಿಟ್ಟುಕೊಳ್ಳಲಿ. ಬರವಣಿಗೆ ಪರೀಕ್ಷೆಗೆ ಬೇಕಾದರೆ ಭಾನುವಾರ ನನ್ನ ಹತ್ತಿರ ಮಾತಾಡಲಿ ಅಕ್ಕ, ನಾನು ಬರೆದು ತಿದ್ದಿಸಿಕೊಂಡ ನೋಟ್‌ಬುಕ್ ಇನ್ನೂ ಇದೆ.