ಸಹಾಯ ಬೇಕು: ತಾಂಡಾ ಮಕ್ಕಳಿಗೆ ಲಂಬಾಣಿ ಕಸೂತಿ ಹೇಳಿಕೊಡುವವರು ಇದ್ದೀರಾ?

ಎಲ್ಲರಿಗೂ ನಮಸ್ಕಾರ. ವಿಜಯಪುರ ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಮೇಷ್ಟ್ರು ನಾನು. ನಮ್ಮಲ್ಲಿ ಅರ್ಧದಷ್ಟು ಮಕ್ಕಳು ಲಂಬಾಣಿ ತಾಂಡಾದವರು. ಮನೆಯಲ್ಲಿ ಅವರ ಭಾಷೆ ಗೋರಬೋಲಿ, ಶಾಲೆಯಲ್ಲಿ ಅದರ ಸುದ್ದಿಯೇ ಇಲ್ಲ.

ಕಳೆದ ಸಂಭ್ರಮ ಶನಿವಾರ, ಬ್ಯಾಗ್ ಇಲ್ಲದ ದಿನ, ಎಂಟನೇ ತರಗತಿಯ ಹುಡುಗಿಯೊಬ್ಬಳು ಅಜ್ಜಿಯ ಹಳೇ ಲಂಗ ತಂದಿದ್ದಳು. ಜೂನ್‌ನಿಂದ ಹಾಜರಿ ಕೂಗಿದಾಗ ಬಿಟ್ಟರೆ ಬಾಯಿ ತೆರೆಯದ ಮಗು, ಕನ್ನಡಿ ಚೂರಿನ ಸುತ್ತ ದಾರ ಹೇಗೆ ಹಿಡಿದು ಹೊಲಿಯಬೇಕು ಅಂತ ಬೆರಳಿಟ್ಟು ತೋರಿಸಿದಳು. "ನಮ್ಮಜ್ಜಿ ಹಾಕಿದ್ದು ರೀ ಸರ್" ಅಂದಳು. ಪ್ರತಿಭಾ ಕಾರಂಜಿಯಲ್ಲಿ ಗೆದ್ದವರ ಮುಖದಲ್ಲೂ ಆ ಕಳೆ ನಾನು ನೋಡಿಲ್ಲ. ಸ್ಪರ್ಧೆ ಬೇಡ ಅಂತಲ್ಲ, ಆದರೆ ಕ್ಲಸ್ಟರ್, ತಾಲ್ಲೂಕು ಅಂತ ಮುಂದೆ ಹೋಗುವವರು ಒಂದಿಬ್ಬರೇ. ನಾನ್ಯಾರು ಅನ್ನೋ ಪ್ರಶ್ನೆ ಮಾತ್ರ ಈ ವಯಸ್ಸಲ್ಲಿ ಎಲ್ಲ ಮಕ್ಕಳಿಗೂ ಇರುತ್ತೆ.

ಸಂಡೂರಿನ ಲಂಬಾಣಿ ಕಸೂತಿಗೆ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಇದೆ. ಆ ಕಡೆಯ ಕೆಲಸ ಬಲ್ಲವರು ಒಂದು ಶನಿವಾರ ಬರಬಹುದೇ? ಬಸ್ ಚಾರ್ಜು, ಊಟ ನಮ್ಮದು. ಹೋಳಿಯ ಲೆಂಗಿ ಹಾಡುಗಳನ್ನು ಕನ್ನಡ ಲಿಪಿಯಲ್ಲಿ ಬರೆದಿಟ್ಟವರಿದ್ದರೆ ಅವೂ ಬೇಕು. ತಾಂಡಾದ ಅಜ್ಜಿಯರನ್ನೇ ಕರೆದರೆ "ಸಾಲಿಗೆ ನಾವ್ಯಾಕ್ರೀ" ಅಂತ ಹಿಂದೆ ಸರಿಯುತ್ತಾರೆ. ಅಂಥವರನ್ನು ಒಪ್ಪಿಸಿ ಕರೆತಂದ ಶಿಕ್ಷಕರಿದ್ದರೆ, ಹೇಗೆ ಮಾತಾಡಿಸಿದಿರಿ ಅಂತ ದಯವಿಟ್ಟು ಬರೆಯಿರಿ.